ಮಲ್ಲಿಗೆ ಕೊಯ್ಯಲು ಹೋದ ಶುಕ್ರವಾರ

ನಾನು ವಿಜ್ಞಾನದ ಮೇಡಂ. ಹಲ್ಲಿ ಲೊಚಗುಟ್ಟಿದರೆ, ಎಡಗಣ್ಣು ಅದುರಿದರೆ ಅರ್ಥ ಹುಡುಕುವವರನ್ನು ಛೇಡಿಸುತ್ತಲೇ ಮೂವತ್ತು ವರ್ಷ ಪಾಠ ಮಾಡಿದವಳು. ಈ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಓದುವ ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸೊರಬದ ಹೈಸ್ಕೂಲಿನಲ್ಲಿ ಕೆಲಸ, ಬಾಡಿಗೆಗೊಂದು ಕೋಣೆ. ತವರು ಶಿಕಾರಿಪುರ. ಆ ವರ್ಷ ಯುಗಾದಿಯ ಹೊತ್ತಿಗೆ ತವರಿನಲ್ಲಿ ಹೆತ್ತೆ; ಮಗು ಉಸಿರಾಡಲೇ ಇಲ್ಲ. ಎದೆಗೆ ಮಾತ್ರ ಅದು ಗೊತ್ತಾಗಲಿಲ್ಲ. ಮೂರನೆಯ ದಿನ ಹಾಲು ಬಂದು ಕಲ್ಲಿನಂತೆ ಬಿಗಿಯಿತು. ಅಮ್ಮ ಹಳೆಯ ಪದ್ಧತಿಯಂತೆ ಎದೆಗೆ ಮಲ್ಲಿಗೆ ಹೂವಿಟ್ಟು, ಬಟ್ಟೆ ಸುತ್ತಿ ಬತ್ತಿಸಿದಳು. ಹೂ ಕೊಟ್ಟವಳು ಹಿತ್ತಲಾಚೆಯ ಬಳೆಗಾರರ ಮನೆಯ ಸೊಸೆ ಷಮೀಮ್. ಅವಳಾಗ ಆರು ತಿಂಗಳ ಬಸುರಿ. ದೂರದೂರಿನಲ್ಲಿ ಕೆಲಸದಲ್ಲಿದ್ದ ನನ್ನ ಗಂಡ ಬಂದು ಎರಡು ದಿನ ಇದ್ದು ಹೋದರು. ಆಮೇಲೆ ಅವರೂ ನಾನೂ ಆ ಮಗುವಿನ ಮಾತೆತ್ತಲಿಲ್ಲ. ಸೊರಬದ ಕೋಣೆಯಲ್ಲಿ ಸಂಜೆ ಒಬ್ಬಳಿಗೇ ಅಕ್ಕಿ ಅಳೆಯುವಾಗ ಅಳು ಬರುತ್ತಿತ್ತು.

ಜುಲೈನ ಒಂದು ಶುಕ್ರವಾರ, ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್. ಒಂಬತ್ತನೆಯ ತರಗತಿಗೆ ಸಹಜ ಪ್ರವೃತ್ತಿಯ ಪಾಠ. ಬಲೆ ಹೆಣೆಯುವುದನ್ನು ಜೇಡಕ್ಕೆ ಯಾರೂ ಕಲಿಸುವುದಿಲ್ಲ, ಮನುಷ್ಯನಲ್ಲಿ ಮಾತ್ರ ಬುದ್ಧಿ ಬೆಳೆದಂತೆ ಇಂಥದ್ದೆಲ್ಲ ಕುಗ್ಗುತ್ತಾ ಬಂದಿದೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

“ಹಂಗಾರೆ ಮುಂದಿನ ಕಾಲದ ಮನುಷ್ರಿಗೆ ಇದು ಇರೋದೇ ಇಲ್ವಾ ಮೇಡಂ?”

“ಇರಲ್ಲ. ಬೇಕಾಗೋದೂ ಇಲ್ಲ” ಎಂದು ಬೋರ್ಡಿನ ಕಡೆ ತಿರುಗಿದೆ. ರವಿಕೆ ಒದ್ದೆಯಾಗಿತ್ತು.

ಮೂರು ತಿಂಗಳ ಹಿಂದೆ ಬತ್ತಿದ ಹಾಲು. ಸೆರಗು ಹೊದ್ದುಕೊಂಡು, ಹೊಟ್ಟೆನೋವೆಂದು ಹೆಡ್ಮಾಸ್ಟರಿಗೆ ಸುಳ್ಳು ಹೇಳಿ ಶಿಕಾರಿಪುರದ ಬಸ್ಸು ಹತ್ತಿದೆ. ಅಮ್ಮನಿಂದ ಮತ್ತೆ ಹೂ ಕಟ್ಟಿಸಿಕೊಳ್ಳಬೇಕು, ತಲೆಯಲ್ಲಿದ್ದದ್ದು ಅಷ್ಟೇ. ದಾರಿಯುದ್ದಕ್ಕೂ ನನ್ನ ಮೈಯ ಮೇಲೆ ನನಗೇ ಸಿಟ್ಟು. ಕುಡಿಯುವ ಬಾಯಿ ಇಲ್ಲದ ಮೇಲೆ ಇದು ಯಾರಿಗಾಗಿ?

ಮನೆಗೆ ಬೀಗ. ಅಮ್ಮ ಅಂಜನಾಪುರದ ನೆಂಟರ ಮನೆಗೆ ಹೋಗಿದ್ದಳಂತೆ. ಹೂವನ್ನಾದರೂ ಕೊಯ್ದಿಟ್ಟುಕೊಳ್ಳೋಣವೆಂದು ಹಿತ್ತಲಾಚೆ ಹೋದೆ. ಒಂದು ಹಿಡಿ ಕೊಯ್ದು ತಿರುಗಿದರೆ, ಬಳ್ಳಿಯ ಪಕ್ಕದ ಜಗಲಿಯಲ್ಲಿ ಷಮೀಮಳ ಅತ್ತೆ ಒಂದು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಷಮೀಮ್ ಹೆತ್ತದ್ದೇ ನನಗೆ ಗೊತ್ತಿರಲಿಲ್ಲ.

“ಹತ್ತು ದಿನದ ಕೂಸ್ರೀ ಟೀಚರಮ್ಮ. ಅವಳಿಗೆ ಜ್ವರ ನೆತ್ತಿಗೇರಿ ನಿನ್ನೆ ಶಿವಮೊಗ್ಗದ ಆಸ್ಪತ್ರೆಗೆ ಒಯ್ದಾರ. ಬಟ್ಟೆ ಅದ್ದಿ ಆಕಳ ಹಾಲು ಕೊಟ್ರೆ ಉಗುಳ್ತೈತಿ. ನಮ್ಮೋರು ಮಧ್ಯಾಹ್ನ ನಮಾಜಿಗೆ ಹೊಂಟಾಗಿಂದ ಅಳೋದೂ ಬಿಟ್ಟೈತಿ.”

ಕೈಯಲ್ಲಿದ್ದ ಹೂವನ್ನು ಜಗಲಿಯ ಮೇಲಿಟ್ಟು ಕೂಸನ್ನು ಎತ್ತಿಕೊಂಡೆ. ಮೊದಲು ಬಾಯಿ ತೆರೆಯಲಿಲ್ಲ. ತುಟಿಗೆ ಒಂದು ಹನಿ ತಾಗಿಸಿದೆ, ಇನ್ನೊಂದು ಹನಿ. ಆಮೇಲೆ ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಕೂಸಿನ ಅಜ್ಜಿಯೂ ನಾನೂ ಅತ್ತೆವು.

“ಇನ್ನು ಇವ್ನಿಗೆ ನೀವೂ ತಾಯೀನೇ. ನಮ್ಮಲ್ಲಿ ಹಾಲಿನ ಸಂಬಂಧ ರಕ್ತದಷ್ಟೇ ಗಟ್ಟಿ ರೀ” ಎಂದರು ಅವರು.

ರಜೆ ಹಾಕಿ ಒಂಬತ್ತು ದಿನ ಹಾಲೂಡಿಸಿದೆ. ಷಮೀಮ್ ಬದುಕಿ ಬಂದಳು. ಕೂಸನ್ನು ಅವಳ ಕೈಗೆ ಕೊಟ್ಟ ಮರುದಿನವೇ ನನ್ನ ಎದೆ ಬತ್ತಿತು. ಹೂ ಬೇಕಾಗಲಿಲ್ಲ. ಸಂಜೆಯ ಬಸ್ಸಿಗೆ ಸೊರಬಕ್ಕೆ ಹೊರಟೆ. ಮುಂದೆ ನನಗೆ ಮಕ್ಕಳಾಗಲಿಲ್ಲ.

ಲೇಡಿ ಡಾಕ್ಟರೊಬ್ಬರನ್ನು ಕೇಳಿದೆ. ಮಗುವಿನ ಅಳು ಕಿವಿಗೆ ಬಿದ್ದರೆ ಹಾಗಾಗುವುದುಂಟು ಎಂದರು. ಶಿಕಾರಿಪುರದ ಅಳು ಸೊರಬಕ್ಕೆ ಕೇಳೀತೇ? ಅದೂ ನಿಂತುಹೋದ ಅಳು? ನನ್ನ ಪೀರಿಯಡ್ಡೂ ಅವರ ನಮಾಜೂ ಒಂದೇ ಹೊತ್ತಿನವು ಎಂದು ನನಗನ್ನಿಸುತ್ತದೆ. ಆದರೆ ಅಲ್ಲೂ ಇಲ್ಲೂ ಗಡಿಯಾರ ನೋಡಿದವರಿಲ್ಲ, ಹಾಗಾಗಿ ಸಾಕ್ಷಿ ಎನ್ನಲಾರೆ. ಕಾಕತಾಳೀಯ ಇದ್ದೀತು. ಹಾಗಂದುಕೊಂಡರೂ ಸಮಾಧಾನವಿಲ್ಲ.

ಆ ಪಾಠವನ್ನು ಆಮೇಲೂ ಪ್ರತಿ ವರ್ಷ ಮಾಡಿದೆ. ಪರೀಕ್ಷೆಗೆ ಬರುವ ಸಾಲು, ಬಿಡುವಂತಿಲ್ಲ. ಮನುಷ್ಯ ಮುಂದೆ ಬುದ್ಧಿಯೊಂದರಿಂದಲೇ ಬದುಕುತ್ತಾನೆ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಬರೆಸುವಾಗ ಪ್ರತಿ ಸಲವೂ ಸೆರಗನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದೆ.