ನೀರಿಗೆ ಕರಗದ ಕಲ್ಲು

ಬ್ರೇಕ್ ಮೇಷ್ಟ್ರು ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಿತ್ತಕೋಶದ ಕಲ್ಲೊಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡು, ನಂಜು ರಕ್ತಕ್ಕೆ ಏರಿತ್ತು. ವಯಸ್ಸು ಐವತ್ತೆಂಟು. ಹೆಂಡತಿ ಇದ್ದಾರೆ, ಮಕ್ಕಳಿಲ್ಲ.

ಅವರು ಶಾಲೆಯ ಮೇಷ್ಟ್ರಲ್ಲ. ಅರ್ಧ ಆಯುಷ್ಯ ಜನರಿಗೆ ಕಾರು ಓಡಿಸುವುದನ್ನು ಕಲಿಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವರ ಕಾಲಿಗೂ ಒಂದು ಬ್ರೇಕು ಇತ್ತು. ಹೆಸರು ಬಂದದ್ದು ಅದರಿಂದ. ಯಾರಾದರೂ ತಿರುವಿನಲ್ಲಿ ಕನ್ನಡಿ ನೋಡದೆ ಸ್ಟೀರಿಂಗ್ ಎಳೆದರೆ ಸಾಕು, ಮೇಷ್ಟ್ರ ಪಿತ್ತ ನೆತ್ತಿಗೇರಿ, ಗಾಜು ಏರಿಸಿದ್ದರೂ ಪಾದಚಾರಿಗಳಿಗೆ ಕೇಳುವಷ್ಟು ಕೂಗಾಡುತ್ತಿದ್ದರು. ಜನ ಅವರನ್ನು ಮುಂಗೋಪಿ ಅಂದುಕೊಂಡಿದ್ದರು. ಅದು ಕೋಪವಲ್ಲ, ಪುಕ್ಕಲುತನ ಎಂಬುದು ಹೆಂಡತಿಗೆ ಗೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಂಡವರ ಕೈಯಲ್ಲಿ ಜೀವ ಕೊಟ್ಟು ಕೂರುವ ಕೆಲಸ ಅದು. ಮನೆಯಲ್ಲಿ ಟಿವಿ ನೋಡುವಾಗ ತೆರೆಯ ಮೇಲೆ ಲಾರಿ ಎದುರು ಬಂದರೂ ಅವರ ಬಲಗಾಲು ನೆಲ ಒತ್ತುತ್ತಿತ್ತು. ಆದರೆ ಹೆದರಿಕೆಯಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಬಿದ್ದದ್ದಿಲ್ಲ.

ಕೂತು ಮಾಡುವ ಕೆಲಸ. ಮೈ ಬೆಳೆಯಿತು. ಒಂದು ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲು ಎಲ್ಲೆ ಮೀರಿದೆಯೆಂದು ಬಂತು. ನಿಮಗೆ ಕೊಬ್ಬು ಜಾಸ್ತಿ ಅಂತ ನಾನು ಮದುವೆಯಾದಾಗಿನಿಂದ ಹೇಳ್ತಾ ಇಲ್ವಾ ಎಂದು ಹೆಂಡತಿ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರ ಅಪ್ಪ ಎದೆ ಹಿಡಿದುಕೊಂಡು ಹೋದವರು.

ಆಗ ಮೆಡಿಕಲ್ ಕಾಲೇಜಿನಲ್ಲಿ ಒಂದು ಸಂಶೋಧನೆ ನಡೆದಿತ್ತು. ಕೊಲೆಸ್ಟ್ರಾಲು ಹೆಚ್ಚಿರುವವರಲ್ಲಿ ಅರ್ಧ ಜನ ಎದೆಮಟ್ಟದ ನೀರಿನಲ್ಲಿ ವ್ಯಾಯಾಮ ಮಾಡಬೇಕು, ಉಳಿದವರು ಎಂದಿನಂತೆ ಇರಬೇಕು. ಕೊನೆಗೆ ಎರಡೂ ಗುಂಪಿನವರ ರಕ್ತ ಹೋಲಿಸಿ ನೋಡುವುದು. ಯಾರು ಯಾವ ಗುಂಪು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತಿತ್ತು. ನೀರೆಂದರೆ ಹೆದರುತ್ತಿದ್ದ ಮೇಷ್ಟ್ರು ಸೇರಿದ್ದೇ ಎಂದಿನಂತೆ ಇರುವ ಗುಂಪು ಸಿಕ್ಕೀತು ಎಂಬ ಆಸೆಯಿಂದ. ಅಂಜಿದವನ ಮೇಲೆ ಕಪ್ಪೆ ಹಾಕಿದ ಹಾಗೆ ಅವರ ಪಾಲಿಗೆ ನೀರೇ ಬಂತು.

ಕೊಳ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಕಣ್ಣು ಉರಿಯುವ ಕ್ಲೋರಿನ್ ವಾಸನೆ, ಪಿಸುಗುಟ್ಟಿದರೂ ಮೊಳಗುವ ಗೋಡೆಗಳು. ಮೊದಲ ವಾರ ಮೇಷ್ಟ್ರು ಅಂಚಿನ ಉಕ್ಕಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತದ್ದೇ ವ್ಯಾಯಾಮ. ಅಲ್ಲಿ ಹೇಳಿಕೊಡುತ್ತಿದ್ದ ಹುಡುಗಿ ಒಂದು ಕಾಲದಲ್ಲಿ ಅವರ ಬಳಿ ಕಾರು ಕಲಿತು, ಬೈಸಿಕೊಂಡು, ಅತ್ತು ಹೋದವಳು.

“ಕಂಬಿ ಬಿಡಿ ಮೇಷ್ಟ್ರೇ. ನೀರು ನಿಮ್ಮ ಎದೆವರೆಗೆ ಮಾತ್ರ ಇದೆ.”

“ಅದು ನಿಂಗೆ ಗೊತ್ತು, ನಂಗೂ ಗೊತ್ತು. ನೀರಿಗೆ ಗೊತ್ತಾ?”

ಕೊಳದಲ್ಲಿದ್ದವರೆಲ್ಲ ನಕ್ಕರು. ಅವರ ನಗೆಗೆ ನಾಚಿಯೇ ಮೇಷ್ಟ್ರು ಕಂಬಿ ಬಿಟ್ಟರು. ಬಿಟ್ಟ ಮೇಲೆ ನಿಂತೇ ಇದ್ದರು. ಆಮೇಲೆ ನಡೆದರು, ಮೊಣಕಾಲೆತ್ತಿದರು, ತೇಲುವ ಡಂಬೆಲ್ಲುಗಳನ್ನು ನೀರಿನೊಳಕ್ಕೆ ಒತ್ತಿ ಹಿಡಿದರು. ಹೆದರಿಕೆ ಹೋಗಿರಲಿಲ್ಲ, ಪಳಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನೀರಿನಲ್ಲೇ ಬಲಪಕ್ಕೆಯ ಕೆಳಗೆ ಚಳುಕು ಹೊಡೆದು ಅವರು ಬಗ್ಗಿ ನಿಂತುಬಿಟ್ಟರು. ಗ್ಯಾಸು ಎಂದರು. ಹುಡುಗಿ ನಂಬದೆ ಸಂಶೋಧನೆಯ ಡಾಕ್ಟರನ್ನು ಕರೆದಳು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲುಗಳು.

ಸರ್ಜನ್ ಸಾವಧಾನದ ಮನುಷ್ಯ. ಹೊಟ್ಟೆ ಉದ್ದಕ್ಕೆ ಕೊಯ್ಯುವ ಕಾಲ ಹೋಯಿತು, ಈಗ ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಪರದೆ ನೋಡಿಕೊಂಡು ಚೀಲವನ್ನೇ ತೆಗೆದುಬಿಡುತ್ತೇವೆ, ಮರುದಿನ ಮನೆಗೆ ಹೋಗಬಹುದು ಎಂದು ಚಿತ್ರ ಬರೆದು ವಿವರಿಸಿದರು. ಹೆಂಡತಿ, ಪಿತ್ತದ ಚೀಲವನ್ನೇ ತೆಗೆದರೆ ಇವರ ಸಿಟ್ಟೂ ಅದರ ಜೊತೆಗೇ ಹೋಗುತ್ತಾ ಎಂದು ಕೇಳಿದರು. ಸರ್ಜನ್ ನಕ್ಕು, ಅದಕ್ಕೆ ಗ್ಯಾರಂಟಿ ಕೊಡಲಾರೆ ಎಂದರು. ಮೇಷ್ಟ್ರ ಕಿವಿಗೆ ಇದ್ಯಾವುದೂ ಹೋಗಲಿಲ್ಲ. ಪ್ರಜ್ಞೆ ತಪ್ಪಿಸುತ್ತಾರೆ ಎಂಬಲ್ಲಿಗೇ ಅವರ ಮನಸ್ಸು ನಿಂತುಬಿಟ್ಟಿತ್ತು. ಎಚ್ಚರವಿದ್ದರೆ ಕೂಗಾಡಿಯಾದರೂ ನಿಲ್ಲಿಸಬಹುದು. ನಿದ್ದೆಯಲ್ಲಿ ಮಲಗಿದವನ ಕಾಲಿಗೆ ಯಾವ ಬ್ರೇಕು?

ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು, ಆ ಕಲ್ಲು ಏತರದ್ದು ಅಂತ.

“ನಿಮ್ಮದು ಬಹುಶಃ ಕೊಬ್ಬಿನ ಕಲ್ಲು. ಕೊಲೆಸ್ಟ್ರಾಲೇ ಗಟ್ಟಿಯಾಗಿ ಆಗೋದು.”

ಆ ಮಾತು ಮೇಷ್ಟ್ರಿಗೆ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿಯಾಯಿತು. ಕೊಬ್ಬು ಇಳಿಸಲೆಂದೇ ತಾನು ನೀರಿಗೆ ಇಳಿಯುತ್ತಿರುವುದು. ಕಲ್ಲೂ ಕೊಬ್ಬೇ. ಅಂದ ಮೇಲೆ ನೀರಿನಲ್ಲಿ ಒದ್ದಾಡಿದಷ್ಟೂ ಕಲ್ಲು ಕರಗಬೇಕು. ಕೆಲವು ವಾರದಲ್ಲಿ ರಕ್ತದ ಫಲಿತಾಂಶ ಬಂದಾಗ ಅವರ ಕೊಲೆಸ್ಟ್ರಾಲು ನಿಜಕ್ಕೂ ಇಳಿದಿತ್ತು. ಒಬ್ಬರ ಲೆಕ್ಕದಿಂದ ಏನೂ ಹೇಳಲಾಗದು, ಎಲ್ಲರದ್ದೂ ಬರಬೇಕು ಎಂದು ಸಂಶೋಧನೆಯ ಡಾಕ್ಟರು ಎಚ್ಚರಿಸಿದರು. ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು.

ಅಲ್ಲಿಂದ ಮುಂದೆ ಎತ್ತು ಏರಿಗೆ, ಕೋಣ ನೀರಿಗೆ. ಸರ್ಜನ್ ಆಪರೇಷನ್ನಿಗೆ ದಿನ ಕೊಟ್ಟರೆ ಅವತ್ತೇ ಯಾರದೋ ಲೈಸೆನ್ಸ್ ಪರೀಕ್ಷೆ ಇರುತ್ತಿತ್ತು. ಇನ್ನೊಂದು ದಿನ ಕೊಟ್ಟರೆ ಕಾರು ಗ್ಯಾರೇಜಿಗೆ ಹೋಗಬೇಕಿತ್ತು. ಕೊಳಕ್ಕೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನೀರನ್ನು ಕಂಡರೆ ನಡುಗುತ್ತಿದ್ದ ಮನುಷ್ಯ ಎಲ್ಲರೂ ಮೇಲೆ ಹತ್ತಿ ಮೈ ಒರೆಸಿಕೊಂಡ ಮೇಲೂ ಒಬ್ಬರೇ ಅತ್ತಿಂದಿತ್ತ ನಡೆಯುತ್ತಿದ್ದರು. ಬೆರಳ ತುದಿಗಳು ನೆಂದು ಸುಕ್ಕಾಗುತ್ತಿದ್ದವು. ವಿಷಯ ಹೇಗೋ ಬಾಯಿಬಿಡಿಸಿದ ಹುಡುಗಿ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತಿಳಿಹೇಳಿದಳು. ರಕ್ತದಲ್ಲಿ ಹರಿಯುವ ಕೊಬ್ಬು ಬೇರೆ, ಕಲ್ಲಾಗಿ ಕೂತದ್ದು ಬೇರೆ.

“ಇದು ಕರಗೋದಿಲ್ಲ ಮೇಷ್ಟ್ರೇ. ತೆಗೆಸಲೇಬೇಕು.”

“ಹನಿ ಹನಿ ಬಿದ್ದರೆ ಬಂಡೆನೂ ಸವೆಯುತ್ತೆ ತಾಯಿ.”

“ಬಂಡೆಗೆ ಪುರುಸೊತ್ತಿದೆ. ನಿಮಗಿಲ್ಲ.”

ಆ ಮಾತು ಅವರಿಗೆ ನಾಟಿತು. ಆದರೆ ನಾಟಿದ್ದು ಹೆದರಿಕೆಯಾಗಿ. ಮರುದಿನ ಇನ್ನೂ ಬೇಗ ಬಂದು ನೀರಿಗಿಳಿದರು.

ನೋವು ಮರಳಿ ಬರುತ್ತಿತ್ತು. ಬಂದಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ತಿರುಗಿಸಿ, ಬಕೆಟ್ಟಿನ ಅಂಚು ಹಿಡಿದು ಕೂರುತ್ತಿದ್ದರು. ಕಲ್ಲು ಕರಗುವಾಗ ನೋಯುವುದು ಸಹಜ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹೊರಗೆ ಹೆಂಡತಿಗೆ ನಲ್ಲಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅದರಿಂದಲೇ ಅವರಿಗೆ ದಿಗಿಲಾಗುತ್ತಿತ್ತು.

ಆ ಭಾನುವಾರ ಕಿಟಕಿಯ ಬಳಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದವರ ಮುಖವನ್ನು ಹೆಂಡತಿ ಕೈಯಿಂದ ಬೆಳಕಿಗೆ ತಿರುಗಿಸಿದರು. ಕಣ್ಣಿನ ಬಿಳಿ ಅರಿಶಿನ ಕಲಸಿದ ಹಾಗಿತ್ತು. ಮೈ ಕೆಂಡ. ಮೇಷ್ಟ್ರು ಕನ್ನಡಿಯಲ್ಲಿ ನೋಡಿಕೊಂಡರು. ಮೊದಲ ಸಲ ಅವರು ಜಗಳವಾಡದೆ ಚಪ್ಪಲಿ ಮೆಟ್ಟಿದರು.

ಈಗ ಸರ್ಜನ್ ಅವಸರಿಸುವ ಹಾಗಿರಲಿಲ್ಲ. ಕಲ್ಲು ನಾಳಕ್ಕೆ ಇಳಿದಿದೆ, ನಂಜು ಹರಡಿದೆ, ರಕ್ತದೊತ್ತಡ ಕುಸಿಯುತ್ತಿದೆ. ಮೊದಲು ಅದನ್ನು ಹಿಡಿತಕ್ಕೆ ತಂದು, ಬಾಯಿಯ ಮೂಲಕ ನಳಿಕೆ ಇಳಿಸಿ ಕಟ್ಟಿಕೊಂಡ ಪಿತ್ತವನ್ನು ಹೊರಬಿಡಬೇಕು. ತೂತಿನ ಆಪರೇಷನ್ ಆಮೇಲಿನ ಮಾತು. ಅದನ್ನೂ ಈಗಲೇ ಮಾಡಿಬಿಡಿ ಎಂದು ಮೇಷ್ಟ್ರು ಕೇಳಿಕೊಂಡರು. ಸರ್ಜನ್ ಅವರ ತೋಳು ಮುಟ್ಟಿ, ಈಗ ದೇಹ ತಡೆಯುವುದಿಲ್ಲ ಎಂದರು. ಅವರ ಧ್ವನಿಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಳಿಕೆ ಹಾಕಲು ಕರೆದೊಯ್ಯುವವರು ಇನ್ನೂ ಬಂದಿರಲಿಲ್ಲ. ಪಕ್ಕದ ಮಂಚದವರು ಮಲಗಿದ್ದರು. ಹಲಗೆಯಂಥ ಬೆಂಚಿನಲ್ಲಿ ಎರಡು ರಾತ್ರಿ ಕಳೆದಿದ್ದ ಹೆಂಡತಿ ಎದ್ದು ಬಂದು ಮಂಚದ ಪಕ್ಕ ನಿಂತರು. ಮೇಷ್ಟ್ರ ತುಟಿ ನಡುಗುತ್ತಿತ್ತು. ಜ್ವರದ ನಡುಕವೋ ಏನೋ ಎಂದು ಹೊದಿಕೆ ಎಳೆದು ಹೊದಿಸಿದರು. ನಡುಕ ನಿಲ್ಲಲಿಲ್ಲ.

“ಚಳಿನಾ ರೀ?”

ಮೇಷ್ಟ್ರು ತಲೆಯಾಡಿಸಿದರು.

“ಇಲ್ಲ. ಭಯ ಆಗ್ತಿದೆ ಕಣೇ. ತುಂಬಾ ಭಯ ಆಗ್ತಿದೆ.”

ಮೇಷ್ಟ್ರು ಡ್ರಿಪ್ಪಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಇನ್ನೊಂದು ಮೊಣಕೈ ಊರಿ, ನೋವಿಗೆ ಹಲ್ಲು ಕಚ್ಚಿ, ಸ್ವಲ್ಪ ಸ್ವಲ್ಪವಾಗಿ ಗೋಡೆಯ ಕಡೆಗೆ ಸರಿದು, ಹೆಂಡತಿಗೆ ಕೂರಲು ಜಾಗ ಮಾಡಿಕೊಟ್ಟರು.