ಆಯಿಯ ಸಮುದ್ರದ ನೊರೆ

ಯರಗುಪ್ಪಿಯ ನಮ್ಮ ಮನೆಯಲ್ಲಿ ದೇವರ ಮಾಡದ ಪಕ್ಕಕ್ಕೆ ಆಯಿಯ ಔಷಧದ ಡಬ್ಬಿ ಇರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಬಜೆ, ಜಾಯಿಕಾಯಿ, ಅಳಲೆಕಾಯಿಗಳ ನಡುವೆ ಅಂಗೈಯುದ್ದದ ಒಂದು ಬಿಳಿಯ ತುಂಡು, ಬೆಂಡಿನಂತೆ ಹಗುರ. ಗುಡಗೇರಿಯ ಸಂತೆಯಲ್ಲಿ ಗಿಡಮೂಲಿಕೆ ಮಾರುವವಳಿಂದ ಎಂದೋ ಕೊಂಡದ್ದು. ಅದನ್ನು ಆಯಿ 'ಸಮುದ್ರದ ನೊರಿ' ಎನ್ನುತ್ತಿದ್ದಳು. ದಂಡೆಗೆ ಬಂದ ನೊರೆ ಬಿಸಿಲಿಗೆ ಒಣಗಿ ಹೀಗೆ ಗಟ್ಟಿಯಾಗುತ್ತದೆ ಎಂಬುದು ಮಾರಿದವಳ ಮಾತು. ಊರೆಲ್ಲ ನಂಬಿದ ಮಾತು. ಯಾರದಾದರೂ ಕಿವಿ ಸೋರಿದರೆ ಆಯಿ ಅದನ್ನು ಚಾಕುವಿನಿಂದ ತುಸು ಕೆರೆದು ಪುಡಿ ಹಾಕುವಳು. ಯಾರಿಗೂ ಏನೂ ಆಗದಿದ್ದಾಗಲೂ ತೆಗೆದು ಮೂಸುವಳು. ಸುತ್ತಲೂ ಎರೆಹೊಲ, ನೀರೆಂದರೆ ಊರ ಕೆರೆ. ಸಮುದ್ರ ನೋಡಬೇಕೆಂಬುದು ಅವಳ ಹಳೆಯ ಆಸೆ. ಮೊಣಕಾಲು ಹಿಡಿದುಹೋದ ಮೇಲೆ ಆ ಆಸೆ ಡಬ್ಬಿಯೊಳಗೆ ಕೂತಿತ್ತು.

ನಾನಾಗ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಣಿಶಾಸ್ತ್ರ ಪರೀಕ್ಷೆಗೆ, ಚರ್ಚಾಸ್ಪರ್ಧೆ ಚಟಕ್ಕೆ. ಕಾಲೇಜಿನಿಂದ ಕಾರವಾರದ ಕಡಲಿಗೆ ಅಧ್ಯಯನ ಪ್ರವಾಸ ನಿಗದಿಯಾಗಿತ್ತು. ನಮ್ಮ ಪ್ರಯೋಗಾಲಯದ ಬಾಟಲಿಯಲ್ಲಿ ಒಂದು ಬೊಂಡಾಸ, ಪುಸ್ತಕದ ಮಾತಿನಲ್ಲಿ ಸ್ಕ್ವಿಡ್, ಇತ್ತು: ಕರಾವಳಿಯವರು ಬಲೆಯಲ್ಲಿ ಹಿಡಿದು ಮಾರುವ, ತಲೆಯಿಂದಲೇ ತೋಳುಗಳು ಹೊರಟ, ಮೂರು ಹೃದಯಗಳ ಪ್ರಾಣಿ. ಫಾರ್ಮಲಿನ್‌ನಲ್ಲಿ ನೆನೆದು ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಜೀವ ಇದ್ದಾಗ ಅದು ಕ್ಷಣಕ್ಕೊಂದು ಬಣ್ಣ ಆಗುತ್ತದೆ ಎಂದು ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಏನೇನೋ ಇರುತ್ತದೆ. ನನಗೆ ಕಣ್ಣಾರೆ ನೋಡಬೇಕಿತ್ತು.

ಮನೆಯ ಯಜಮಾನ ದೊಡ್ಡಪ್ಪ ಒಪ್ಪಲಿಲ್ಲ. "ಕೊರಳಾಗ ಲಿಂಗ ಕಟ್ಕೊಂಡು ಮೀನ ಮುಟ್ಟಾಕ ಹೊಂಟೀಯೇನ ಬೇ?"

ನಾನು ಡಬ್ಬಿಯಿಂದ ತುಂಡನ್ನು ತೆಗೆದು ಅವನ ಮುಂದಿಟ್ಟೆ. ಇದು ನೊರೆಯೂ ಅಲ್ಲ ಗಿರೆಯೂ ಅಲ್ಲ, ಬೊಂಡಾಸದ ದಾಯಾದಿಯೊಂದರ ಬೆನ್ನೊಳಗಿನ ಚಿಪ್ಪು ಎಂದೆ. ಅಂಚಿನಲ್ಲಿ ಹಾಳೆಗಳಂಥ ಪದರುಗಳನ್ನು ತೋರಿಸಿದೆ. ಆ ಸಂದಿಗಳಲ್ಲಿ ನೀರು ತುಂಬಿಕೊಂಡು ಪ್ರಾಣಿ ಕೆಳಗಿಳಿಯುತ್ತದೆ, ಹೊರಹಾಕಿ ಮೇಲೇರುತ್ತದೆ. ಸತ್ತ ಮೇಲೆ ಮೈ ಕೊಳೆತು ಇದೊಂದೇ ತೇಲಿ ದಂಡೆ ಸೇರುತ್ತದೆ. ತಂಬಿಗೆಯ ನೀರಿನಲ್ಲಿ ಹಾಕಿ ತೇಲಿಸಿಯೂ ಬಿಟ್ಟೆ. ಇಷ್ಟು ವರ್ಷ ಇದನ್ನು ದೇವರ ಬಗಲಲ್ಲಿ ಇಟ್ಟುಕೊಂಡವರು ನನ್ನನ್ನು ಯಾವ ಬಾಯಿಂದ ತಡೆಯುತ್ತೀರಿ ಎಂದು ಕೇಳಿದೆ. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುವ ಜಾಗ.

"ಹಂಗಾರ ಅದನ್ನ ತಿಪ್ಪಿಗೆ ಒಗೀರಿ," ಎಂದ ದೊಡ್ಡಪ್ಪ. "ಇಕಿ ಹೋಗೂದೂ ಬ್ಯಾಡ."

ವಾದ ಹೀಗೂ ತಿರುಗಬಹುದೆಂದು ನಾನು ಎಣಿಸಿರಲಿಲ್ಲ. ಆಯಿ ತಂಬಿಗೆಯಿಂದ ತುಂಡನ್ನು ಎತ್ತಿ ಸೆರಗಿನಿಂದ ಒರೆಸುತ್ತ, ಆ ಪ್ರಾಣಿ ಎಷ್ಟು ವರ್ಷ ಬದುಕುತ್ತದೆ ಎಂದು ಕೇಳಿದಳು. ಬೊಂಡಾಸವಾದರೆ ಒಂದು ವರ್ಷ, ಅದರ ಆಚೀಚೆ, ಎಂದೆ. ಬೆರಳಿನಂಥ ಲೋಳೆಯ ಚೀಲಗಳಲ್ಲಿ ತತ್ತಿ ಇಟ್ಟು, ಗೊಂಚಲು ಮಾಡಿ ಕಡಲ ತಳಕ್ಕೆ ಅಂಟಿಸಿ, ತಾಯಿ ಸೊರಗಿ ಸತ್ತುಹೋಗುತ್ತದೆ ಎಂದೂ ಹೇಳಿದೆ.

"ಮತ್ತ ಮಕ್ಕಳಿಗೆ ಈಸಾಕ ಕಲಸಾವ್ರು ಯಾರ?"

"ಯಾರೂ ಇಲ್ಲ ಆಯಿ. ತತ್ತಿ ಒಡದು ಬಂದ ಕೂಡ್ಲೆ ತಾವ ಈಸ್ತಾವ. ತಾವ ಬ್ಯಾಟಿ ಆಡ್ತಾವ."

ಆಯಿ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ದೊಡ್ಡಪ್ಪನ ಕಡೆ ತಿರುಗಿದಳು. "ಅಕಿ ಹೋಗ್ಲಿ ಬಿಡು. ಸಮುದ್ರ ನನ್ನ ಕಣ್ಣಿಗಂತೂ ಬೀಳಲಿಲ್ಲ." ಆಮೇಲೆ ನನಗೆ, "ಅಲ್ಲಿ ಖರೇನ ನೊರಿ ಇರತದೋ ಇಲ್ಲೋ, ಅಷ್ಟ ನೋಡ್ಕೊಂಡು ಬಾ."

ಕಾರವಾರದಲ್ಲಿ ಬೆಳಗಿನ ದೋಣಿಗಳು ಬಂದಾಗ ಬಂದರಿನಲ್ಲಿದ್ದೆವು. ಬುಟ್ಟಿಯ ಮೀನುಗಳ ನಡುವಿನ ಬೊಂಡಾಸಗಳಲ್ಲಿ ಒಂದಕ್ಕೆ ಇನ್ನೂ ಜೀವವಿತ್ತು. ಮೈತುಂಬ ಸಾಸಿವೆಯಷ್ಟು ಚುಕ್ಕೆಗಳು. ಅವು ಅರಳಿದರೆ ಮೈ ಕೆಂಪು, ಮುಚ್ಚಿದರೆ ಗಾಜು. ಹೂ ಬಿಟ್ಟ ಕುಸುಬೆಯ ಹೊಲದ ಮೇಲೆ ಮೋಡದ ನೆರಳು ಸರಿದಂತೆ. ಅಲುಗಾಟ ನಿಂತ ಮೇಲೂ ಚುಕ್ಕೆಗಳು ಇನ್ನೂ ಸ್ವಲ್ಪ ಹೊತ್ತು ಅರಳುತ್ತಲೇ ಇದ್ದವು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಆದರೆ ಆಗ ನನಗೆ ಪುಸ್ತಕ ನೆನಪಾಗಲಿಲ್ಲ, ಆಯಿ ನೆನಪಾದಳು. ದಂಡೆಗೆ ಹೋಗಿ ಬೊಗಸೆಯಲ್ಲಿ ನೊರೆ ಹಿಡಿದೆ. ನೋಡುವಷ್ಟರಲ್ಲಿ ಬರೀ ನೀರು.

ಊರಿಗೆ ಬರುವಾಗ ಬೊಂಡಾಸದ ಬೆನ್ನೊಳಗಿನ ಗರಿಯಂಥ ಚಿಪ್ಪು ತಂದಿದ್ದೆ. ಅದು ಬಿಳಿಯ ತುಂಡಿನ ಹಾಗಲ್ಲ, ಪಾರದರ್ಶಕ, ತೆಳು. ಆಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಳೆಹುಳದ ರೆಕ್ಕೆಯ ಹಾಗಿದೆ ಎಂದಳು. ನಾನು ಬಣ್ಣಗಳ ವಿಷಯ ಹೇಳಿದೆ. ಚರ್ಚೆಯಲ್ಲಿ ಎಂದೂ ತಡವರಿಸದವಳು ಆವತ್ತು ತಡವರಿಸಿದೆ. ಅವಳು ಕೇಳಿಸಿಕೊಂಡು, "ನೊರಿ?" ಎಂದಳು.

"ಐತಿ ಆಯಿ. ಆದ್ರ ಕೈಯಾಗ ನಿಲ್ಲಲಿಲ್ಲ."

"ನಂದು ನಿಂತೈತಲ್ಲ ಮತ್ತ," ಎಂದು ನಕ್ಕು ಬಿಳಿಯ ತುಂಡನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ದೇವರ ಪಕ್ಕಕ್ಕೇ ಇಟ್ಟಳು. ದೊಡ್ಡಪ್ಪ ಕೆಮ್ಮಿ ಹೊರಗೆ ಹೋದ.

ಆಯಿ ತೀರಿಹೋಗಿ ಎರಡು ಸುಗ್ಗಿಯಾದವು. ಅಷ್ಟರಲ್ಲಿ ಕಡಲಿನಲ್ಲಿ ಬೊಂಡಾಸಗಳ ಎಷ್ಟೋ ಗೊಂಚಲು ಒಡೆದು, ತಾಯಿಯ ಮುಖ ಕಾಣದ ಮರಿಗಳು ಬೆಳೆದು, ಬಲೆಗೆ ಬಿದ್ದು ಮುಗಿದಿರಬೇಕು. ಕಾಣದವರಿಗಾಗಿ ಅವು ಹಂಬಲಿಸುವುದಿಲ್ಲ ಎಂದು ವಾದಿಸಬಹುದು. ಚರ್ಚೆಯ ಆ ಪಕ್ಷ ನನಗೆ ಸಿಗಲಿಲ್ಲ. ನಾನು ಆಯಿಯನ್ನು ಕಂಡಿದ್ದೇನೆ.

ಡಬ್ಬಿ ಈಗ ಧಾರವಾಡದ ನನ್ನ ಕೋಣೆಯಲ್ಲಿದೆ. ತುಂಡಿನ ಒಂದು ಬದಿ ಅವಳ ಚಾಕು ಕೆರೆದು ಕೆರೆದು ತಗ್ಗಾಗಿದೆ. ಮೊನ್ನೆ ಕಿವಿ ನೋವೆದ್ದಾಗ ಡಾಕ್ಟರ ಹತ್ತಿರ ಹೋದೆ. ಪುಡಿಯ ಮೇಲೆ ನಂಬಿಕೆ ಇಲ್ಲವೆಂದಲ್ಲ, ಇದೆಯೆಂದೂ ಅಲ್ಲ. ಕೆರೆದರೆ ತುಂಡು ಸವೆಯುತ್ತದೆ.