ಭಯ ಬರೆಯದ ನೋಟ್‌ಬುಕ್ಕು

ನನ್ನ ಮೊಮ್ಮಗಳು ಹೊಸೂರು ಪಕ್ಕದ ಮತ್ತಿಗಿರಿಯ ಒಂದು ಕ್ರಿಶ್ಚಿಯನ್ ಶಾಲೆಯಲ್ಲಿ ನಾಲ್ಕನೇ ತರಗತಿ. ಬೆಳಗಿನ ಪ್ರೇಯರಿನಲ್ಲಿ ಬೈಬಲ್ ಓದಿದ ಮೇಲೆ, ಮಕ್ಕಳು ಮನೆಯಲ್ಲಿ ಬರೆದು ತಂದ ಒಂದೊಂದು ಒಳ್ಳೆಯ ಮಾತು ಹೇಳಬೇಕು. ‘ಆಗಲ್ಲ’, ‘ಭಯ’ ಎಂಬಂಥ ಮಾತು ಬರೆಯುವಂತಿಲ್ಲ.

ಅವಳಿಗೆ ಬರೆಸುತ್ತಿದ್ದವಳು ನಾನೇ. ನಾವು ಶನಿವಾರ ಆಂಜನೇಯನಿಗೆ ಕೈಮುಗಿಯುವವರು. ಯೇಸುವಿನ ಮುಂದೆ ಕೊಂಚ ಬಡಾಯಿ ಕೊಚ್ಚಿದರೇನು ಎಂದು, ‘ನಮ್ಮಜ್ಜಿ ಮುದ್ದೆ ಬೆಣ್ಣೆಯಂತೆ ಜಾರುತ್ತೆ’ ಎಂದು ಬರೆಸಿದೆ. ಸ್ಟಾರ್ ಬಂತು. ಬೀದಿಗೆಲ್ಲ ತೋರಿಸಿದೆ.

ಆಮೇಲೆ ಸೊಸೆಯ ಎದೆಯಲ್ಲಿ ಗಡ್ಡೆ ಕಂಡಿತು. ಹೊಸೂರಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಗುವಿಗೆ ತಿಳಿದಿಲ್ಲ ಎಂದುಕೊಂಡಿದ್ದೆವು. ಆಸ್ಪತ್ರೆಯ ಓಡಾಟದಲ್ಲಿ ನಾನು ಬರೆಸುವುದು ತಪ್ಪಿ, ಅವಳೇ ಬರೆದುಕೊಳ್ಳುತ್ತಿದ್ದಳು. ನೋಟ್‌ಬುಕ್ಕು ತೆರೆದರೆ ಆರು ದಿನದಿಂದ ಒಂದೇ ಸಾಲು: ‘ಅಮ್ಮ ಚೆನ್ನಾಗಿದ್ದಾಳೆ.’

“ಯಾಕಮ್ಮಿ, ನನ್ನ ಮುದ್ದೆ ಬೇಜಾರಾಯ್ತಾ?” ಎಂದೆ.

ಅವಳು ನಗಲಿಲ್ಲ. “ಒಳ್ಳೇದೇ ಅಂದ್ಕಂಡ್ರೆ ಒಳ್ಳೇದಾಗ್ತದಂತೆ ಅಜ್ಜಿ. ಮೊನ್ನೆ ನಂಗೆ ಭಯ ಆಗ್ಬುಡ್ತು. ಅದುಕ್ಕೇ ಅಮ್ಮುಂಗೆ ಜ್ವರ ಬಂತು.”

ಅಮ್ಮನ ಕಾಯಿಲೆಯನ್ನು ಆ ಕೂಸು ತನ್ನ ತಲೆಯ ಮೇಲೆ ಹೊತ್ತುಕೊಂಡಿತ್ತು.

ಫೋನಿನಲ್ಲಿ ಟೈಪ್ ಮಾಡುವುದನ್ನು ನನಗೆ ಕಲಿಸಿದ್ದು ಇದೇ ಮೊಮ್ಮಗಳು. ಅವಳ ಟೀಚರು ಇಲ್ಲೇ ತಳಿ ಎಂಬ ಊರಿನ ಕಡೆಯವರು, ಕನ್ನಡ ಬರುತ್ತದೆ. ಒಂದು ಬೆರಳಿನಲ್ಲಿ, ನಡುನಡುವೆ ತಾನಾಗಿ ಬರುವ ನಗುಮುಖಗಳನ್ನು ಅಳಿಸುತ್ತ, ಮಗು ಹೇಳಿದ್ದನ್ನೆಲ್ಲ ಅವರಿಗೆ ಬರೆದೆ. ‘ನಿಮ್ ಪ್ರೇಯರಲ್ಲಿ ಭಯಕ್ಕೆ ಜಾಗ ಐತಾ?’ ಎಂದು ಕೊನೆಗೆ ಸೇರಿಸಿ ಕಳಿಸಿದೆ.

ಟೀಚರು ಕೂಡಲೇ ಫೋನ್ ಮಾಡಿದರು. “ಅಜ್ಜಿ, ನಾನಂಗೆ ಹೇಳ್ಕೊಡ್ಲಿಲ್ಲ.”

“ಇಲ್ಲ ಕಣಮ್ಮ. ಕೂಸು ಹಂಗೆ ತಿಳ್ಕಂಡೈತೆ. ಸ್ಟಾರ್ ಬಂತೂಂತ ಕುಣಿದೋಳು ನಾನೂ ಇವ್ನಿ.”



ಮರುದಿನ ಪ್ರೇಯರಿನಲ್ಲಿ ಟೀಚರು ಮೊದಲು ತಮ್ಮ ಭಯವನ್ನೇ ಹೇಳಿದರಂತೆ. ಭಯಪಟ್ಟರೆ ಯಾರಿಗೂ ಕಾಯಿಲೆ ಬರುವುದಿಲ್ಲ, ದೇವರು ಅದನ್ನೂ ಕೇಳುತ್ತಾನೆ ಎಂದರಂತೆ. ಸಂಜೆ ಮೊಮ್ಮಗಳು ‘ಅಮ್ಮನ ರಿಪೋರ್ಟ್ ಅಂದ್ರೆ ನಂಗೆ ಭಯ’ ಎಂದು ಬರೆದು, ನೋಟ್‌ಬುಕ್ಕನ್ನು ಅಮ್ಮನ ಮಡಿಲಲ್ಲಿಟ್ಟಳು.

ಸೊಸೆ ಓದಿದಳು. “ನಂಗೂ ಕಣೇ,” ಎಂದು ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು.

ಅಮ್ಮನ ತೋಳಿನೊಳಗಿಂದಲೇ ಮಗು ಕೇಳಿತು, “ಅಜ್ಜಿ, ನಿಂಗೆ?”

‘ನಂಗೇನ್ ಭಯ’ ಎನ್ನಲು ಹೊರಟ ಬಾಯಿ ಅಲ್ಲೇ ನಿಂತಿತು. “ಐತೆ ಕಣಮ್ಮಿ,” ಎಂದು ಮುದ್ದೆ ತಿರುವಲು ಎದ್ದೆ. ರಿಪೋರ್ಟ್ ಬರುವುದು ಗುರುವಾರ. ಆ ಸಂಜೆಯ ಮುದ್ದೆ ಬೆಣ್ಣೆಯಂತೇನೂ ಇರಲಿಲ್ಲ. ಆದರೂ ಮಗು ಪೂರ್ತಿ ಉಂಡಿತು.